ಗಾರ್ಗಾಯ್ಲ್‌ಗೆ ರಿಲೀವರ್

ಆ ಭಾನುವಾರ ಮೂವರನ್ನೂ ಕೊಂದೇ ಬಿಡುವುದೆಂದು ನಾಗಭೂಷಣ ತೀರ್ಮಾನಿಸಿದ್ದ.

ಪೊಲೀಸರು ಬರುವಂಥ ಕೊಲೆಯಲ್ಲ, ಆಟದ ಕೊಲೆ. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವನ ಮನೆ ಜಗಲಿಯ ಮೇಲೆ ಚಾಪೆ ಹಾಸಿ, ಇಪ್ಪತ್ತು ಮುಖದ ದಾಳ ಉರುಳಿಸುತ್ತ, ಕಾಡು ಕೋಟೆ ರಾಕ್ಷಸರನ್ನೆಲ್ಲ ಬರೀ ಮಾತಲ್ಲೇ ಕಟ್ಟಿ ಆಡುವ ಆಟ ಅದು. ಆಡುವವರು ಮೂವರೂ ಹೀರೋಗಳು. ಉಳಿದದ್ದೆಲ್ಲ ಆಟ ನಡೆಸುವ ನಾಗಭೂಷಣನೇ. ರಾಜ ಅವನೇ, ರಾಜನ ಮಂತ್ರಿ ಅವನೇ, ಮಂತ್ರಿಯ ಕುದುರೆ ಕೆನೆದರೆ ಕೆನೆಯುವವನೂ ಅವನೇ. ಇಂಟರ್ವಲ್‌ಗೆ ಬರುವ ವಿಲನ್, ಕ್ಲೈಮ್ಯಾಕ್ಸಿಗೆ ಬರುವ ವಿಲನ್ನನ ಅಪ್ಪ, ಎಲ್ಲಕ್ಕೂ ಒಂದೇ ಗಂಟಲು.

ಎರಡು ವರ್ಷದಿಂದ ಇದೇ ಆಗಿತ್ತು. ಸ್ಟೇಷನ್ ಮಾಸ್ಟರ್ ಕೆಲಸದಲ್ಲಿ ರಾತ್ರಿಯೆಲ್ಲ ಕಣ್ಣುಬಿಟ್ಟು ಕೂತು, ಬೆಳಿಗ್ಗೆ ಬಂದು ಮಲಗಿದರೆ ಕನಸಲ್ಲೂ ಯಾರೋ ಒಬ್ಬ ಹೀರೋ ಬಾಗಿಲು ಒದ್ದು 'ಒಳಗೆ ಏನೈತೆ' ಎಂದು ಕೇಳುತ್ತಿದ್ದ. ಒಮ್ಮೆ, ಸ್ವಲ್ಪ ದಿನ ನಿಲ್ಲಿಸೋಣವೇ ಎಂದು ಅರ್ಧ ಬಾಯಿ ತೆರೆದಿದ್ದ. ಸ್ಟೇಷನ್ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಚಂದ್ರು ತಕ್ಷಣ, "ಲೇ ಭೂಷಣ, ವಾರಕ್ಕೆ ಆರು ದಿನ ನಾನು ಒಡೆದ ಡಿಸ್‌ಪ್ಲೇ ಕಣಪ್ಪ. ಇದೊಂದು ದಿನ ಆಟದಾಗೆ ರಣಭೈರವ. ಅದನ್ನೂ ಕಿತ್ಕಂತೀಯಾ?" ಎಂದಿದ್ದ. ಹೈಸ್ಕೂಲ್ ಟೀಚರ್ ಭಾಗ್ಯ ಮಂಡಕ್ಕಿ ತಟ್ಟೆಯನ್ನೇ ನೋಡುತ್ತ ಕೂತುಬಿಟ್ಟಿದ್ದಳು. ಇವರನ್ನು ಕರೆದು ಆಟ ಹಚ್ಚಿಸಿದವನೇ ತಾನು. ಸಾಕಾಗಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಹೀರೋಗಳೇ ಸತ್ತರೆ ಕತೆ ತಾನಾಗಿ ಮುಗಿಯುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ.

ಅದಕ್ಕೇ ಕಲ್ಲು ರಾಕ್ಷಸರಾದ ಗಾರ್ಗಾಯ್ಲ್‌ಗಳನ್ನು ತಂದಿದ್ದ.

"ಪಾಳು ಗೋಪುರ," ಎಂದು ಶುರುಮಾಡಿದ. ಗಂಟಲಲ್ಲಿ ಜೀವವಿರಲಿಲ್ಲ. "ಮೇಲೆ ಸೂರಿನ ಅಂಚಲ್ಲಿ ಮೂರು ಕಲ್ಲಿನ ಬೊಂಬೆ. ರೆಕ್ಕೆ, ಕೊಂಬು, ಉಗುರು. ನೀವು ಬಾಗ್ಲು ಮುಟ್ಟಿದ ಕೂಡ್ಲೆ ಮೂರೂ ಕಣ್ಣು ಬಿಟ್ವು."

"ಹೊಸ ಮನೆ ಮೇಲೆ ನಾಲಿಗೆ ಚಾಚ್ಕಂಡು ನೇತಾಡ್ತಾನಲ್ಲ ದೃಷ್ಟಿ ರಾಕ್ಷಸ, ಹಂಗಾ?" ಎಂದು ಕೇಳಿದವನು ಕಾಟಲಿಂಗಪ್ಪ. ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಇನ್ನೇನು ರಿಟೈರ್ ಆಗುವವನು. ಆಟದಲ್ಲಿ ಅವನ ಹೀರೋನ ಹೆಸರೂ ಕಾಟಲಿಂಗಪ್ಪನೇ. ಬೇರೆ ಹೆಸರಿಟ್ಟರೆ ಕರೆದಾಗ ಓಗೊಡಲು ಮರೆತುಹೋಗುತ್ತದೆ ಎಂದು ಅವನ ವಾದ.

"ಹಂಗೇ ಅನ್ಕ, ಕಾಟಣ್ಣ. ಆದ್ರೆ ಇದು ಇಳಿದು ಬಂದು ಹರಿದು ಹಾಕ್ತೈತೆ."

ಚಂದ್ರು ಕಾಲರ್ ಎತ್ತಿದ. "ಕಲ್ಲಿಗೆ ಉಸಿರು ಬಂದ್ರೆ ಒಂದು, ಅದು ದೇವ್ರಾಗ್ಬೇಕು. ಇಲ್ಲ, ರಣಭೈರವನ ಕೈಲಿ ಜಲ್ಲಿ ಆಗ್ಬೇಕು. ಮೂರ್ನೇ ದಾರಿ ಈ ಊರಲ್ಲಿಲ್ಲ."

"ಮೊದ್ಲು ದಾಳ ಹಾಕಪ್ಪ, ಜಲ್ಲಿ ಕ್ರಷರು," ಎಂದಳು ಭಾಗ್ಯ.

ದಾಳ ಚೆನ್ನಾಗಿಯೇ ಬಿತ್ತು. ಕತ್ತಿಗೆ ಕಲ್ಲು ಜಗ್ಗಲಿಲ್ಲ ಎಂದ ನಾಗಭೂಷಣ. ಭಾಗ್ಯಳ ಮಾಟಗಾತಿ ಬೆಂಕಿಯ ಉಂಡೆ ಎಸೆದಳು. ನಿಯಮದ ಪ್ರಕಾರ ಬೆಂಕಿ ಸುಡಬೇಕಿತ್ತು. ನಾಗಭೂಷಣ ಸುಡಿಸಲಿಲ್ಲ. "ಬರೀ ಮಸಿ ಹಿಡೀತು," ಎಂದ. ಎರಡು ವರ್ಷದಲ್ಲಿ ಅವನು ಮಾಡಿದ ಮೊದಲ ಮೋಸ ಅದು. ನಾಚಿಕೆಪಡಲೂ ಅವನಲ್ಲಿ ತ್ರಾಣವಿರಲಿಲ್ಲ. ಗಾರ್ಗಾಯ್ಲ್‌ಗಳ ಉಗುರಿಗೆ ರಣಭೈರವ ನೆಲಕ್ಕೆ ಬಿದ್ದ, ಮಾಟಗಾತಿಗೆ ಒಂದು ಏಟಿನಷ್ಟು ಜೀವ ಉಳಿಯಿತು. ಇನ್ನೊಂದು ಸುತ್ತು, ಆಮೇಲೆ ನಿದ್ದೆ.

"ನಿನ್ ಪಾಳಿ, ಕಾಟಣ್ಣ."

ಕಾಟಲಿಂಗಪ್ಪ ದಾಳ ಮುಟ್ಟಲಿಲ್ಲ. "ಅಲ್ರಿ ಸಾಹೇಬ್ರೆ, ಇವು ಅಲ್ಲಿ ಯಾವಾಗ್ಲಿಂದ ಕುಂತವೆ?"

"ಐನೂರು ವರ್ಷ."

"ಕುಂದ್ರಿಸಿದೋರು?"

"ಒಬ್ಬ ಮಂತ್ರವಾದಿ. ಸತ್ತೋದ."

"ಆಮ್ಯಾಕೆ ಬದ್ಲಿಗೆ ಯಾರೂ ಬರ್ಲಿಲ್ವಾ?"

"ರಾಕ್ಷಸ ಕಣಣ್ಣ ಅದು. ಅದಕ್ಕೆಲ್ಲಿ ಶಿಫ್ಟು?"

"ಕಾಯೋ ಕೆಲ್ಸ ಅಂದ್ಮ್ಯಾಕೆ ಶಿಫ್ಟ್ ಇರ್ಬೇಕಲ್ರಿ," ಎಂದ ಕಾಟಲಿಂಗಪ್ಪ. ಆಮೇಲೆ ಚಾಪೆಯ ಮೇಲೆ ನೆಟ್ಟಗೆ ಕೂತು, ಸ್ಟೇಷನ್ನಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ನಾನು ಕತ್ತಿ ಎತ್ತಲ್ಲ. ದೊಡ್ಡ ಗಾರ್ಗಾಯ್ಲ್ ಮುಂದೆ ನಿಂತ್ಕಂತೀನಿ. ನಿನ್ನ ರಿಲೀವರ್ ನಾನು, ಚಾರ್ಜ್ ಕೊಡಪ್ಪ ಅಂತೀನಿ."

ಚಂದ್ರು ಸತ್ತುಬಿದ್ದಲ್ಲಿಂದಲೇ ನಕ್ಕ. "ವಿಲನ್‌ಗೆ ಡ್ಯೂಟಿ ಚೇಂಜಾ? ಯಾವ ಡೈರೆಕ್ಟರ್ ಒಪ್ತಾನೆ ಗುರುವೇ?"

ರೈಲ್ವೆಯಲ್ಲಿ ರಿಲೀವರ್ ಬಂದು ಚಾರ್ಜ್ ತಗೊಳ್ಳುವವರೆಗೆ ಕೂತವನು ಕುರ್ಚಿ ಬಿಟ್ಟು ಏಳುವಂತಿಲ್ಲ. ಬಂದವನಿಗೆ ಬಾಕಿ ಇರುವುದನ್ನೆಲ್ಲ ಹೇಳಿಯೇ ಏಳಬೇಕು. ನಾಗಭೂಷಣನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ದಾಳ ಹಾಕು," ಎಂದ.

ಮೂರು ಬಿತ್ತು. ಇಪ್ಪತ್ತರಲ್ಲಿ ಬರೀ ಮೂರಕ್ಕೆ ಯಾವ ರಾಕ್ಷಸನೂ ಒಪ್ಪುವುದಿಲ್ಲ. ಉಗುರು ಬೀಸಿತು ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಕಾಟಲಿಂಗಪ್ಪ ಹೋದರೆ ಭಾಗ್ಯಳೂ ಹೋದಂತೆ, ಮುಂದಿನ ಭಾನುವಾರ ಜಗಲಿ ಖಾಲಿ. ನಾಗಭೂಷಣ ಬಾಯಿ ತೆರೆದ. ಮೂವರೂ ಅವನ ಬಾಯನ್ನೇ ನೋಡುತ್ತಿದ್ದರು, ಭಾಗ್ಯಳ ಕೈಯಲ್ಲಿ ಮಂಡಕ್ಕಿ ಹಾಗೇ ಉಳಿದಿತ್ತು. ಅವನಿಗೆ ಆ ಮಾತು ಬರಲಿಲ್ಲ.

"ಬಾಕಿ ಏನೇನೈತೆ ಹೇಳ್ರಿ," ಎಂದು ಕಾಟಲಿಂಗಪ್ಪ ನೆನಪಿಸಿದ.

"ಉತ್ತರದ ಬಾಗ್ಲಿಗೆ ಚಿಲಕ ಇಲ್ಲ," ಎಂದು ಗೊಗ್ಗರು ದನಿಯಲ್ಲಿ ಹೇಳಿತು ಗಾರ್ಗಾಯ್ಲ್. "ರಾಣಿ ಯಾರ ಕಡೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ನೆಲಮಾಳಿಗೇಲಿ ಏನೈತೆ ಅಂತ ನಾನಿನ್ನೂ ಯೋಚ್ನೆ ಮಾಡಿಲ್ಲ."

"ನೀನು ಯಾಕೆ ಯೋಚ್ನೆ ಮಾಡ್ಬೇಕು?" ಎಂದ ಚಂದ್ರು.

"ಮತ್ಯಾರು ಮಾಡ್ತಾರೆ?" ಗೊಗ್ಗರು ಅಲ್ಲಿಗೆ ಬಿದ್ದುಹೋಯಿತು. ಉಳಿದದ್ದು ನಾಗಭೂಷಣನ ಒಣಗಿದ ಗಂಟಲು. "ಬರೋರೆಲ್ಲ ಬಾಗ್ಲು ಒದೀತಾರೆ. ಒದ್ದಾಗೆಲ್ಲ ಒಳಗೊಂದು ಏನಾದ್ರೂ ಇಟ್ಟಿರ್ಬೇಕು. ಶನಿವಾರ ಬಂತು ಅಂದ್ರೆ ನಾಳೆಗೆ ಏನಿಡಾಣ ಅನ್ನೋದೇ ಚಿಂತೆ. ಇಳಿಯಾಣ ಅಂದ್ರೆ ಕೆಳಗಿರೋರು ಏನನ್ಕಂತಾರೋ ಅಂತ ಭಯ. ಅದಕ್ಕೆ ಇವತ್ತು ಎಲ್ರನ್ನೂ ಸಾಯಿಸ್ಬಿಡಾಣ ಅನ್ಕಂಡಿದ್ದೆ. ಬೆಂಕಿ ಸುಡ್ಬೇಕಿತ್ತು ಭಾಗ್ಯಕ್ಕ. ನಾನೇ ಸುಡಿಸ್ಲಿಲ್ಲ."

ದೂರದಲ್ಲಿ ಗೂಡ್ಸ್ ಗಾಡಿಯೊಂದು ತೂಕಡಿಸುತ್ತ ಹೋಯಿತು. ಚಂದ್ರು ಎತ್ತಿದ್ದ ಕಾಲರ್ ಇಳಿಸಿದ.

"ಬಾಯಿ ಬಿಟ್ಟು ಹೇಳಕ್ಕೆ ಏನಾಗಿತ್ತಪ್ಪ," ಎಂದಳು ಭಾಗ್ಯ. ದನಿಯಲ್ಲಿ ಬೈಗುಳ ಇತ್ತು, ಅದಕ್ಕಿಂತ ಹೆಚ್ಚು ಬೇಜಾರಿತ್ತು. "ನಾವೇನು ನಿನ್ನ ತಿಂದ್ಬಿಡ್ತಿದ್ವಾ?"

"ಚಾರ್ಜ್ ತಗಂಡೆ," ಎಂದ ಕಾಟಲಿಂಗಪ್ಪ. ದಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ಏಳ್ರಿ ಸಾಹೇಬ್ರೆ. ಆ ಕಡೆ ಮಲಿಕ್ಕಳ್ರಿ."

"ನಿಂಗೆ ನಡೆಸಕ್ಕೆ ಬರಲ್ಲ ಕಾಟಣ್ಣ."

"ಬರಲ್ಲ. ಬರೋತನ್ಕ ಇವ್ರು ಬೈಕಂತಾರೆ."

ನಾಗಭೂಷಣ ಎದ್ದು ಜಗಲಿಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಹಗುರ ಆಗಬೇಕಿತ್ತು. ಮೈ ಇನ್ನೂ ಭಾರವಾಗಿಯೇ ಇತ್ತು. ಬೆನ್ನ ಹಿಂದೆ ಆಟ ಶುರುವಾಯಿತು.

"ಅದು ಇಳೀತು," ಎಂದು ಕಾಟಲಿಂಗಪ್ಪ ತಡವರಿಸುತ್ತಿದ್ದ. "ಇಳಿದು... ಸೊಂಟ ನೆಟ್ಟಗೆ ಮಾಡ್ಕಂತು."

"ಆಮೇಲೆ?"

"ತಡೀರಿ ಟೀಚರ್ರೆ, ಯೋಚ್ನೆ ಮಾಡ್ತಿದೀನಿ."

"ನನ್ನನ್ನ ಮೊದ್ಲು ಬದುಕ್ಸು. ಹೀರೋ ಇಲ್ದೆ ಸೆಕೆಂಡ್ ಹಾಫ್ ಓಡಲ್ಲ," ಎಂದ ಚಂದ್ರು.

"ಗಾರ್ಗಾಯ್ಲ್ ನಿಂಗೆ ನೀರು ಕುಡಿಸ್ತು, ಎದ್ದೆ. ಆಮ್ಯಾಕೆ ಎಲ್ರೂ ಸೇರಿ ಉಣ್ಣಕ್ಕೆ ಕುಂತ್ರು. ಮುದ್ದೆ, ಸೊಪ್ಪಿನ ಸಾರು. ಐನೂರು ವರ್ಷದ ಹಸಿವು ನೋಡ್ರಿ, ಒಂದೇ ಸಲ ಆರು ಮುದ್ದೆ ನುಂಗ್ತು."

ಗಾರ್ಗಾಯ್ಲ್‌ಗೆ ಹಸಿವೇ ಆಗುವುದಿಲ್ಲ, ನೀರೂ ಬೇಡ. ನಿಯಮದ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಹೇಳಬೇಕೆಂದು ನಾಗಭೂಷಣನ ನಾಲಿಗೆ ತುರಿಸಿತು. ಕಣ್ಣು ಮುಚ್ಚಿದ. ಏಳನೇ ಮುದ್ದೆಗೆ ಸಾರು ಸಾಲುತ್ತದೋ ಇಲ್ಲವೋ ಎಂದು ಅವರು ಜಗಳ ತೆಗೆದಾಗ ಅವನಿಗೆ ಆಗಲೇ ನಿದ್ದೆ ಹತ್ತಿತ್ತು.