ಮುಡಿ ಕೊಟ್ಟವರನ್ನು ಕೇಳುವುದಿಲ್ಲ

ಜನರ ಖಾಸಗಿ ಸಂಗತಿಗಳು ಕಂಡಕಂಡವರ ಕೈಗೆ ಸಿಗದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಕಂಪನಿಗಳಿಗೆ ಹೋಗಿ, ಗಿರಾಕಿಗಳ ಫೋನ್ ನಂಬರು ನಿಮಗೇಕೆ, ಹುಟ್ಟಿದ ತಾರೀಕು ನಿಮಗೇಕೆ ಎಂದು ಜಗಳ ತೆಗೆಯುತ್ತೇನೆ. ಅದಕ್ಕೆ ಅವರೇ ಸಂಬಳ ಕೊಡುತ್ತಾರೆ. ಈ ವಿಷಯದ ಮೇಲೆ ಎರಡು ಪುಸ್ತಕಗಳನ್ನೂ ಬರೆದಿದ್ದೇನೆ. ಎರಡರ ಹಿಂಬದಿಯಲ್ಲೂ ಪ್ರಕಾಶಕರು ನನ್ನ ಫೋಟೋ, ಹುಟ್ಟೂರು, ಗಂಡನ ಹೆಸರು, ಮೊಬೈಲ್ ನಂಬರು ಎಲ್ಲವನ್ನೂ ಅಚ್ಚು ಹಾಕಿಸಿದ್ದಾರೆ.

ಇಂಥ ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಯಾರದೋ ಆಧಾರ್ ಕಾರ್ಡಿನ ಜೆರಾಕ್ಸ್‌ನಲ್ಲಿ ಸುತ್ತಿಕೊಟ್ಟ ಬೋಂಡ ತಿನ್ನುತ್ತಿದ್ದೆ. ನಿಂಗಯ್ಯ ಎಂಬವರ ಹುಟ್ಟಿದ ದಿನ ಎಣ್ಣೆಯಲ್ಲಿ ನೆನೆದು ಮಿಂಚುತ್ತಿತ್ತು. ಬೋಂಡ ಮಾತ್ರ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

ನಮ್ಮೂರು ಶಾಗ್ಯದಲ್ಲಿ ಅಣ್ಣ ಶಾಂತಮೂರ್ತಿಯ ಮಗಳಿಗೆ ನಾಮಕರಣ. ಹೋಗದೆ ಇರುವಂತಿರಲಿಲ್ಲ. ಆದರೆ ಆ ಮನೆಯಲ್ಲಿ ಅವ್ವ ಇದ್ದಳು. ಎದೆಯ ಗಂಟು, ಕ್ಯಾನ್ಸರು, ಕೀಮೋ, ಉದುರಿಹೋದ ಕೂದಲು, ಇದಾವುದನ್ನೂ ನಾನು ಅವಳಿಗೆ ಹೇಳಿರಲಿಲ್ಲ, ಅಣ್ಣನಿಗೂ ಹೇಳಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಾಗ ಊಟ ಬಿಟ್ಟ ಅವ್ವ, ಅವನು ಹೋದಮೇಲೂ ಬಹಳ ಕಾಲ ಸರಿಯಾಗಿ ಉಣ್ಣದೆ ಕಡ್ಡಿಯಾಗಿದ್ದಳು. ಇನ್ನೊಮ್ಮೆ ಹಾಗಾದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಭಯ. ವಿಡಿಯೋ ಕಾಲ್ ಬಂದಾಗಲೆಲ್ಲ ನೆಟ್‌ವರ್ಕ್ ಇಲ್ಲವೆಂದು ಮುಖ ತೋರಿಸದೆಯೇ ಮಾತಾಡಿದ್ದೆ. ಈಗ ಚಿಕಿತ್ಸೆ ಮುಗಿದಿತ್ತು. ತಲೆಗೊಂದು ವಿಗ್ ಹಾಕಿಕೊಂಡು ಒಂದು ದಿನ ಹೇಗೋ ನಿಭಾಯಿಸಿ ಬರೋಣವೆಂದು ಹೊರಟಿದ್ದೆ.

ಹನೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಯಳಂದೂರಿನ ದೊಡ್ಡಮಾದಮ್ಮ ಎಂಬ ಮುದುಕಿ, ಮಗಳ ಮನೆಗೆ ಹೊರಟಿದ್ದರು. ಇದನ್ನೆಲ್ಲ ನಾನು ಕೇಳಲಿಲ್ಲ, ಅವರೇ ಹೇಳಿದರು. ಆಮೇಲೆ ನನ್ನ ಸರದಿ.

“ಯಾವೂರವ್ವ ನಿಂದು? ಯಜಮಾನ್ರು ಏನ್ ಮಾಡ್ತರೆ? ಮಕ್ಕ ಏಸು? ಒಂದೇಯಾ? ಯಾಕವ್ವ ಒಂದ್ಕೇ ನಿಲ್ಸಬುಟ್ಟೆ?”

“ನಾನು ಜನರ ಗುಟ್ಟು ಕಾಯೋ ಕೆಲಸ ಮಾಡ್ತೀನಿ” ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

“ಅಂಗಾರೆ ನಿಂಗೆ ಎಲ್ಲಾರ್ ಗುಟ್ಟೂ ಗೊತ್ತದೆ ಅನ್ನು!” ಎಂದು ಅವರು ಇನ್ನಷ್ಟು ಹತ್ತಿರ ಸರಿದು ಕೂತರು.

ಮುಂದಿನ ಸೀಟಿನಲ್ಲಿ ಒಬ್ಬರು ತಮ್ಮ ಬ್ಯಾಂಕ್ ಖಾತೆಯ ನಂಬರನ್ನು ಫೋನಿನಲ್ಲಿ ಕೂಗಿ ಹೇಳುತ್ತಿದ್ದರು. ಎರಡನೇ ಸಲ ಹೇಳುವಾಗ ಒಂದು ಅಂಕಿ ತಪ್ಪಿತು. “ಆಗ ಏಳು ಅಂದ್ರಿ ಕಣ್ರಿ” ಎಂದು ಹಿಂದಿನಿಂದ ಯಾರೋ ತಿದ್ದಿದರು. ಕಂಡಕ್ಟರೂ ಹೌದೆಂದು ತಲೆಯಾಡಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಕಸುಬಿನವರು ಇಂಥ ಬಸ್ಸಿನಲ್ಲಿ ಮಾಡಬಹುದಾದದ್ದು ಅಷ್ಟೇ.

ಮಧ್ಯಾಹ್ನದ ಗಾಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ನನ್ನ ಹಳೆಯ ಕೂದಲು ಕಿಟಕಿಯಿಂದಾಚೆ ಹರಿದು ಹಿಪ್ಪುನೇರಳೆ ಹೊಲಗಳ ಮೇಲೆ ಮೋಡದ ನೆರಳಿನ ಹಾಗೆ ಓಡುತ್ತಿತ್ತು. ಸೊಪ್ಪು ಕೊಯ್ಯುವ ಹೆಂಗಸರು ಅದನ್ನು ಕೈಯಲ್ಲಿ ಹಿಡಿದು, ಇದು ಯಾರದು, ಇದು ಯಾರದು ಎನ್ನುತ್ತಿದ್ದರು. ಹೇಳೋಣವೆಂದರೆ ನನಗೆ ಮಾತು ಹೊರಡಲಿಲ್ಲ. ಕೂದಲು ಹೊಲ ದಾಟಿ, ಕೆರೆ ದಾಟಿ, ದೂರದ ನೀಲಿ ಬೆಟ್ಟಗಳ ಕಡೆಗೆ ಸಾಗಿತು. ಹೆದರಿಕೆಯೇನೂ ಆಗಲಿಲ್ಲ. ತಲೆಗೆ ತಣ್ಣಗೆ, ಬಹಳ ಹಿತವಾಗಿತ್ತು.

ಅಷ್ಟು ತಣ್ಣಗಿದ್ದುದು ಯಾಕೆಂದು ಎಚ್ಚರವಾದಾಗ ತಿಳಿಯಿತು. ನನ್ನ ವಿಗ್ ದೊಡ್ಡಮಾದಮ್ಮನವರ ಮಡಿಲಲ್ಲಿತ್ತು. ಬೆಕ್ಕಿನ ಮರಿಯನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

“ಬಿದ್ದೋಯ್ತಿತ್ತು ಕಣವ್ವ, ಇಡ್ಕಂಡಿವ್ನಿ” ಎಂದರು. ಆಮೇಲೆ ನನ್ನ ಬೋಳು ತಲೆ ನೋಡಿ, “ಬೆಟ್ಟದ ಮಾದಪ್ಪಂಗೆ ಮುಡಿ ಕೊಟ್ಟಿದ್ದೀಯಾ?” ಎಂದರು.

ಹೂಂ ಎಂದೆ. ಬಾಯಿಗೆ ಬಂದದ್ದು ಅದೊಂದೇ. ಇನ್ನು ಶುರುವಾಗುತ್ತದೆ, ಏನು ಹರಕೆ, ಯಾರಿಗೆ ಏನಾಗಿತ್ತು ಎಂದು ಮೈ ಬಿಗಿಹಿಡಿದು ಕೂತೆ. ಒಂದು ಪ್ರಶ್ನೆಯೂ ಬರಲಿಲ್ಲ. ಅವರು ಕೈ ಮುಗಿದು, ವಿಗ್ ನನ್ನ ಮಡಿಲಿಗಿಟ್ಟರು. ತಡೆಯಲಾರದೆ ನಾನೇ ಕೇಳಿದೆ: “ಯಾಕೆ ಹರಕೆ ಅಂತ ಕೇಳಲ್ವಾ?”

“ಅದ ಕೇಳಬಾರ್ದು ಕಣವ್ವ. ಅರಕೆ ಮಾಡ್ಕಂಡೋರ್ಗೂ ಮಾದಪ್ಪಂಗೂ ಇರೋ ಮಾತು ಅದು. ಮುಡಿ ಕೊಟ್ಮೇಲೆ ಈ ಟೋಪಿ ಯಾಕೆ? ತಲೆ ಬುಟ್ಕಂಡು ಓಗು, ಯಾರ್ ಏನಂದರು?”

ನನ್ನ ಸಂಬಳ, ನನ್ನ ಮಗು, ನನ್ನ ಗಂಡನ ಕುಡಿತದ ಅಭ್ಯಾಸ ಎಲ್ಲವನ್ನೂ ಕೆದಕಿದ್ದ ಹೆಂಗಸು ಹರಕೆಯ ಮಾತಿಗೆ ಬಂದು ನಿಂತುಬಿಟ್ಟಿದ್ದರು. ಎರಡು ಪುಸ್ತಕ ಬರೆದರೂ ನಾನು ಎಲ್ಲೂ ಕಾಣದ ಬೇಲಿ ಅದು. ನನಗೆ ಅಸೂಯೆಯೇ ಆಯಿತು.

ವಿಗ್ ಚೀಲಕ್ಕೆ ಹಾಕಿದೆ. ಹನೂರಿನಲ್ಲಿ ಇಳಿದು ಶಾಗ್ಯದ ಆಟೋ ಹತ್ತಿದಾಗಲೂ ತಲೆ ಬಿಟ್ಟುಕೊಂಡೇ ಇದ್ದೆ. ಆಟೋದವನು ನನ್ನ ಜಾತಿ ಕೇಳಿದ, ತಲೆ ನೋಡಿ ಕೈ ಮುಗಿದ. ಇದೇ ಸುಳ್ಳು ಅವ್ವನಿಗೂ ಸಾಕೆಂದು ನಿರ್ಧರಿಸಿದೆ. ಸಂಜೆಯ ಬಿಸಿಲಿನಲ್ಲಿ ನಮ್ಮ ಬೀದಿ ಕನಸಿನಲ್ಲಿ ಕಾಣುವ ಬೀದಿಯಂತೆ ಉದ್ದವಾಗಿತ್ತು.

ಮನೆ ತುಂಬ ಹೆಂಗಸರು, ತೊಟ್ಟಿಲ ಸುತ್ತ ಹೂವು. ನಾನು ಹೊಸಿಲು ದಾಟಿದ್ದೇ ಎಲ್ಲರ ಕಣ್ಣೂ ನನ್ನ ತಲೆಯ ಮೇಲೆ ಬಿತ್ತು. ಅವ್ವ ಎಲೆಅಡಿಕೆಯ ತಟ್ಟೆ ಕೆಳಗಿಟ್ಟು ನನ್ನನ್ನು ನೋಡಿದಳು. ತಲೆ ನೋಡಿದಳು, ಮುಖ ನೋಡಿದಳು, ಕೊರಳ ಕೆಳಗೆ ಇಳಿದುಹೋದ ಮೈ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ನೆರೆಯವರ ಕಡೆ ತಿರುಗಿ, “ಅರಕೆ ಇತ್ತು, ತೀರುಸ್ಬುಟ್ಟು ಬಂದವ್ಳೆ” ಎಂದಳು.

ಮುಗಿಯಿತು. ಎರಡನೇ ಮಗು ಯಾವಾಗ, ಯಾಕಿಷ್ಟು ಸೊರಗಿದ್ದೀಯ, ಮನೆ ಸ್ವಂತದ್ದಾ ಬಾಡಿಗೆಯದ್ದಾ ಎಂದು ಎಲ್ಲರೂ ಕೇಳಿದರು. ತಲೆಯ ಸುದ್ದಿಗೆ ಒಬ್ಬರೂ ಬರಲಿಲ್ಲ.

ಗದ್ದಲ ಕಳೆದ ಮೇಲೆ ಅವ್ವ ನನ್ನನ್ನು ಹಿತ್ತಲ ಜಗಲಿಯ ಮೇಲೆ ಕೂರಿಸಿಕೊಂಡು ಕೊಬ್ಬರಿ ಎಣ್ಣೆ ತಂದಳು. ಕೂದಲೇ ಇಲ್ಲದ ತಲೆಗೆ, ಚಿಕ್ಕಂದಿನಲ್ಲಿ ಹಚ್ಚುತ್ತಿದ್ದ ಹಾಗೆಯೇ, ಬೆರಳ ತುದಿಯಿಂದ ನಿಧಾನವಾಗಿ ಹಚ್ಚಿದಳು.

“ಅವ್ವ, ನಾನು ಹರಕೆ ಅಂತ ನಿನಗೆ ಹೇಳೇ ಇರಲಿಲ್ವಲ್ಲ?”

“ನಿಂದಲ್ಲ ಕಣವ್ವ, ನಂದು.”

ಅವಳ ಕೈ ನಿಲ್ಲಲಿಲ್ಲ.

“ನೀನು ಫೋನಲ್ಲಿ ಮಕ ತೋರ್ಸೋದ ನಿಲ್ಸಿದಾಗ್ಲೇ ಅರಕೆ ಕಟ್ಕಂಡೆ. ಏನಾಗದೆ ಅಂತ ನಂಗೊತ್ತಿಲ್ಲ. ನೀನು ನಡ್ಕಂಡು ಬಾಗ್ಲಿಗೆ ಬಂದೆ, ಆಯ್ತು. ಇನ್ನ ನೀನು ಹೇಳಬೇಕು ಅಂತಿಲ್ಲ.”

ಹೇಳಬೇಕಾಗಿಲ್ಲ ಎಂದು ಜನರಿಗೆ ತಿಳಿಸಿಕೊಡುವುದೇ ನನ್ನ ಹೊಟ್ಟೆಪಾಡು. ಆದರೆ ನಾನು ಹೇಳತೊಡಗಿದೆ. ಸ್ನಾನ ಮಾಡುವಾಗ ಕೈಗೆ ಸಿಕ್ಕ ಗಂಟು, ಆಪರೇಷನ್ನು, ವಾಂತಿ, ದಿಂಬಿನ ತುಂಬ ಕೂದಲು, ಸತ್ತೇ ಹೋಗುತ್ತೇನೆಂದು ಗಂಡನ ಅಂಗಿ ಹಿಡಿದು ಅತ್ತದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅವ್ವ ನಡುವೆ ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಕಣ್ಣೀರು ನನ್ನ ನೆತ್ತಿಯ ಎಣ್ಣೆಗೆ ಬಿತ್ತು. ಅದನ್ನೂ ಸೇರಿಸಿಯೇ ತಿಕ್ಕಿದಳು.

ಮಾತು ಮುಗಿದಾಗ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತು, “ನಡಿ, ಇಬ್ಬರೂ ಉಣ್ಣಮ. ನಂಗೂ ಅಸಿವಾಯ್ತದೆ” ಎಂದಳು.