ಕೇಳುವ ಹಾಗಿಲ್ಲದ ಮನೆ

ನೀರು ಕುದಿದು ಕೆಟಲ್ ತಾನಾಗಿ ಆರಿತು. ಇಬ್ಬರೂ ಏಳಲಿಲ್ಲ. ನೋರೀನ್ ಗಂಡ ಫೆರ್ಗಲ್‌ನ ದಪ್ಪ ಸ್ವೆಟರ್ ತೊಟ್ಟು ಮೇಜಿನ ಆ ಬದಿಗೆ ಕೂತಿದ್ದಳು, ಮಗಳು ಆಲ್ವಾ ಈ ಬದಿಗೆ. ನಡುವೆ ಊರವರ ತಟ್ಟೆಗಳ ರಾಶಿ. ಯಾವುದು ಯಾರದೆಂದು ತಿಳಿಯಲು ಪ್ರತಿ ತಟ್ಟೆಯ ಬೆನ್ನಿಗೂ ಹೆಸರು ಬರೆದ ಪಟ್ಟಿ ಅಂಟಿತ್ತು. ಶನಿವಾರ ಫೆರ್ಗಲ್‌ನನ್ನು ಮಣ್ಣು ಮಾಡಿದ್ದರು. ಭಾನುವಾರವೂ ಮನೆ ತುಂಬ ಜನ, ಹ್ಯಾಮು, ಹಣ್ಣಿನ ಕೇಕು, ಮುಗಿಯದ ಚಹಾ. ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟುವವರು ಯಾರೂ ಇರಲಿಲ್ಲ. ರಸ್ತೆಯಲ್ಲಿ ಹಾಲಿನ ಟ್ಯಾಂಕರ್ ಎಂದಿನ ವೇಗದಲ್ಲೇ ಹೋಯಿತು.

"ಇವತ್ತು ಹೋಗ್ಲೇಬೇಕಾ?" ಎಂದಳು ನೋರೀನ್, ತಲೆ ಎತ್ತದೆ.

"ಹೋಗ್ತೀನಿ."

"ಹೋಗ್ದಿದ್ರೂ ಯಾರೂ ಏನೂ ಅನ್ನಲ್ಲ."

"ಅದಕ್ಕೇ ಹೋಗ್ತೀನಿ."

ಯಾರೂ ಏನೂ ಅನ್ನದಿರುವುದೇ ಆ ವರ್ಷದ ತೊಂದರೆಯಾಗಿತ್ತು. ಶಾಲೆಯಲ್ಲಿ ದೊಡ್ಡ ಪರೀಕ್ಷೆ ಮುಗಿದು, ಕೊನೆಯ ಎರಡು ವರ್ಷಗಳ ಗಟ್ಟಿ ಓದು ಶುರುವಾಗುವ ಮೊದಲು ಬರುವ ನಡುವರ್ಷ ಅದು. ಪರೀಕ್ಷೆಯಿಲ್ಲ, ಅಂಕವಿಲ್ಲ. ಒಂದು ವಾರ ನಾಟಕ, ಒಂದು ವಾರ ದೋಣಿ ನಡೆಸುವುದು, ಮತ್ತೊಂದು ವಾರ ಮೇಣದಬತ್ತಿ ಮಾಡಿ ಮಾರುವುದು. ನಿನಗೇನು ಬೇಕೋ ನೀನೇ ಕಂಡುಕೋ ಎನ್ನುತ್ತಿದ್ದರು ಟೀಚರುಗಳು. ಎಲ್ಲಿ ಕಾಲಿಟ್ಟರೂ ನೆಲ ಸಿಗದ ಹಾಗೆ ಅನ್ನಿಸುತ್ತಿತ್ತು ಆಲ್ವಾಗೆ.

"ದನಗಳಿಗೂ ಒಂದು ನಡುವರ್ಷ ಕೊಡ್ಬೇಕಿತ್ತು," ಎಂದು ಅಪ್ಪ ನಗುತ್ತಿದ್ದ. "ಕರು ಹಾಕೋ ಗೋಜಿಲ್ಲ. ದೋಣಿ ಹತ್ಕೊಂಡು ಹೋಗ್ತಾ ಇರೋದು."

ಈ ವಾರ ಎಲ್ಲರೂ ಎಲ್ಲಾದರೊಂದು ಕಡೆ ಕೆಲಸ ಕಲಿಯಬೇಕಿತ್ತು. ಗೆಳತಿ ಕ್ಲೀನಾ ಜೊತೆ ಬ್ಯೂಟಿ ಪಾರ್ಲರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದ ಮಗಳನ್ನು ಅಪ್ಪನೇ ಒಪ್ಪಿಸಿ, ಪೇಟೆಯ ದನದ ಡಾಕ್ಟರ ಹತ್ತಿರ ಮಾತಾಡಿ ಬಂದಿದ್ದ. ಶನಿವಾರ ಚರ್ಚಿನ ಹೊರಗೆ ಕ್ಲಾಸಿನವರೆಲ್ಲ ಸಮವಸ್ತ್ರ ತೊಟ್ಟು ಎರಡು ಸಾಲಾಗಿ ನಿಂತಿದ್ದರು. ಅಪ್ಪನ ಶವಪೆಟ್ಟಿಗೆ ಅವರ ನಡುವೆ ಹಾದುಹೋಯಿತು. ಆಮೇಲೆ ಕ್ಲೀನಾ ತಬ್ಬಿಕೊಂಡು, "ಎಷ್ಟು ಟೈಮ್ ಬೇಕೋ ತಗೋ," ಅಂದಿದ್ದಳು. ಟೈಮೊಂದೇ ಆಲ್ವಾ ಹತ್ತಿರ ಬೇಕಾದಷ್ಟಿತ್ತು.

ಅವಳು ಎದ್ದು ಅಂಗಳಕ್ಕೆ ಹೋದಳು. ಐದು ದಿನಗಳಿಂದ ಅವಳಿಗೆ ಒಂದೆಡೆ ಕೂರಲಾಗುತ್ತಿರಲಿಲ್ಲ. ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ, ಕೊನೆಗೆ ಕೊಟ್ಟಿಗೆಗೆ. ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ ಕಾಲು ನಿಲ್ಲುತ್ತಿತ್ತು.

ಅಲ್ಲಿ ಕಂಬಕ್ಕೆ ಒರಗಿಸಿಟ್ಟ ಹಾಗೇ ಇತ್ತು ಕರು ಎಳೆಯುವ ಜಾಕು. ಆಳೆತ್ತರದ ಕಬ್ಬಿಣದ ಕಂಬಿ. ಒಂದು ತುದಿಗೆ ಹಸುವಿನ ಹಿಂಬದಿಗೆ ಆನಿಸುವ ಬಾಗಿದ ಪಟ್ಟಿ, ಕಂಬಿಯ ಮೇಲೆ ಕಟಕಟನೆ ಹಿಂದೆ ಸರಿಯುವ ಹಿಡಿ. ಹಿಡಿಯ ಮೇಲೆ ಅಪ್ಪನ ಉಣ್ಣೆ ಟೋಪಿ. ಬುಧವಾರ ಬೆಳಿಗ್ಗೆ ಬಿಳಿಮುಖದ ಹಸುವಿಗೆ ಕರು ಹಾಕುವುದು ಕಷ್ಟವಾಗಿತ್ತು. ಅಪ್ಪ ಕರುವನ್ನು ಎಳೆದು ತೆಗೆದು, ಜಾಕನ್ನು ಕಂಬಕ್ಕೆ ಒರಗಿಸಿ, ಸೆಕೆಯೆಂದು ಟೋಪಿ ತೆಗೆದು ಅದಕ್ಕೆ ಸಿಕ್ಕಿಸಿ, ಹುಲ್ಲಿನ ಕಂತೆಯ ಮೇಲೆ ಕೂತ. ಕೂತವನು ಏಳಲಿಲ್ಲ. ಕರು ಬದುಕಿತು. ಈಗ ಅದು ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು.

ಪಕ್ಕದ ಹೊಲದ ಕೋಲ್ಮನ್ ಒಳಗೆ ಹುಲ್ಲು ಹಾಕುತ್ತಿದ್ದ. ಅರವತ್ತು ದಾಟಿದ, ಮದುವೆಯಾಗದ ಮನುಷ್ಯ. ಫೆರ್ಗಲ್‌ಗೆ ಗುಂಡಿ ತೋಡಿದವರಲ್ಲಿ ಅವನೂ ಒಬ್ಬ. ಬುಧವಾರದಿಂದ ಹೊತ್ತು ಹೊತ್ತಿಗೆ ಬಂದು ದನಗಳನ್ನು ನೋಡಿಕೊಳ್ಳುತ್ತಿದ್ದ. ಯಾರೂ ಕರೆದಿರಲಿಲ್ಲ.

"ನಿಮ್ಮ ಬಿಳಿಮುಖದವಳಿಗೆ ನಾನು ಹಾಕಿದ ಹುಲ್ಲು ರುಚಿಸಲ್ಲ ಕಣಮ್ಮ," ಎಂದ. "ಮೂಸಿ ನೋಡ್ತಾಳೆ, ನನ್ನ ಮುಖ ನೋಡ್ತಾಳೆ. ಹೋಟೆಲ್‌ನಲ್ಲಿ ತಣ್ಣಗಿನ ಸೂಪ್ ಕೊಟ್ಟ ಹಾಗೆ."

ಆಲ್ವಾಗೆ ನಗು ಬರಲಿಲ್ಲ. ಆದರೂ ಕೇಳಿದಳು, "ನಿಮ್ಮ ಹಸುಗಳು ಹೇಗಿವೆ?"

"ಎಲ್ಲಾ ಆಯ್ತು. ಕರಿಯವಳೊಬ್ಬಳು ಬಾಕಿ. ಇವತ್ತೋ ನಾಳೆಯೋ. ಮೊದಲನೇ ಸಲ ಬೇರೆ, ಕರು ದಪ್ಪ ಇದ್ದ ಹಾಗಿದೆ."

ಹಾಗನ್ನುತ್ತ ಅವನು ಕಂಬದ ಹತ್ತಿರ ಬಂದ. ಜಾಕಿನ ಕಡೆ ಕೈ ಚಾಚಿದ.

"ಅದನ್ನ ಮುಟ್ಟಬೇಡಿ!"

ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ ದನಗಳೂ ಒಂದು ಗಳಿಗೆ ನಿಲ್ಲಿಸಿದವು. ಆಲ್ವಾಗೆ ತನ್ನ ದನಿ ತನ್ನದಲ್ಲ ಅನ್ನಿಸಿತು.

"ಅಪ್ಪ ಇಟ್ಟಿದ್ದು," ಎಂದಳು. "ಅಪ್ಪ ಇಟ್ಟ ಹಾಗೇ ಇರ್ಲಿ."

ಕೋಲ್ಮನ್ ಕೈ ಹಿಂದಕ್ಕೆ ತೆಗೆದುಕೊಂಡ. ಅದೇ ಕೈಯಿಂದ ತನ್ನ ಟೋಪಿ ಸರಿಮಾಡಿಕೊಂಡ. "ಆಯ್ತು ಮಗಳೇ," ಎಂದ. "ಇರ್ಲಿ." ಬಕೆಟ್ ಬೋರಲು ಹಾಕಿ, ಬೇಲಿ ದಾಟಿ ತನ್ನ ಹೊಲದ ಕಡೆ ಹೋದ.

ಪೇಟೆಯ ದನದ ಆಸ್ಪತ್ರೆಯಲ್ಲಿ ಮುಂದಿನ ಮೇಜಿಗೆ ಕೂರುವವಳು ಅಸಂಪ್ಟಾ. ದಪ್ಪ ಕನ್ನಡಕ, ಬಾಯಲ್ಲಿ ಯಾವಾಗಲೂ ಪುದೀನ ಪೆಪ್ಪರಮಿಂಟು. ಆಲ್ವಾಳನ್ನು ನೋಡಿದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಅಯ್ಯೋ ಮರಿ, ನೀನ್ಯಾಕೆ ಬಂದೆ? ಮನೆಗೆ ಹೋಗು. ಶಾಲೆಯ ಹಾಳೆಗೆ ಸಹಿ ನಾನು ಹಾಕ್ತೀನಿ, ಇಡೀ ವಾರ ಬಂದ ಹಾಗೇ ಆಗುತ್ತೆ."

"ಏನಾದ್ರೂ ಕೆಲಸ ಕೊಡಿ."

ಅಸಂಪ್ಟಾ ಅವಳ ಮುಖವನ್ನೇ ನೋಡಿ ಪೊರಕೆ ಕೊಟ್ಟಳು. ಆಲ್ವಾ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಔಷಧಿ ಬಾಟಲಿಗಳನ್ನು ಎತ್ತರಕ್ಕೆ ತಕ್ಕ ಹಾಗೆ ಜೋಡಿಸಿ, ಅದು ಸರಿಯಿಲ್ಲವೆನ್ನಿಸಿ ಬಣ್ಣಕ್ಕೆ ತಕ್ಕ ಹಾಗೆ ಜೋಡಿಸಿದಳು. ಬೋನಿನಲ್ಲಿದ್ದ ಬೆಕ್ಕೊಂದು ಅವಳನ್ನೇ ನೋಡುತ್ತಿತ್ತು. ಡಾಕ್ಟರು ರೋಷೀನ್ ಹಸುವೊಂದರ ಹೊಟ್ಟೆ ಕೊಯ್ದು ಕರು ತೆಗೆಯಲು ಬೆಳಿಗ್ಗೆಯೇ ಸಮುದ್ರಕ್ಕೆ ಚಾಚಿದ ನೆಲದ ತುದಿಗೆ ಹೋಗಿದ್ದಳು.

"ನೀನು ಹೀಗೆ ತಿರುಗ್ತಾ ಇದ್ರೆ ನನಗೆ ತಲೆ ಸುತ್ತುತ್ತೆ," ಎಂದಳು ಅಸಂಪ್ಟಾ. "ಕೂತ್ಕೋ. ಒಂದು ಪೆಪ್ಪರಮಿಂಟು ತಿನ್ನು."

ಆಗ ಫೋನು ಬಂತು. ಕಿವಿ ಮಂದವಾದ ಅಸಂಪ್ಟಾ ಫೋನನ್ನು ಯಾವಾಗಲೂ ಸ್ಪೀಕರಿಗೇ ಹಾಕುತ್ತಿದ್ದಳು. ದನಿ ಕೇಳಿದ ಕೂಡಲೇ ಆಲ್ವಾಗೆ ಗುರುತು ಸಿಕ್ಕಿತು.

"ಡಾಕ್ಟ್ರು ಇದಾರಾ? ನನ್ನ ಕರಿಯವಳು ಬೆಳಿಗ್ಗೆಯಿಂದ ತಿಣುಕ್ತಾ ಇದಾಳೆ. ಕಾಲೆರಡು ಬಂದಿವೆ, ಮೂತಿ ಕಾಣುತ್ತೆ, ಮುಂದಕ್ಕೆ ಬರ್ತಿಲ್ಲ."

"ಡಾಕ್ಟ್ರು ಬರೋದು ಮಧ್ಯಾಹ್ನದ ಮೇಲೆ, ಕೋಲ್ಮನ್. ಜಾಕ್ ಹಾಕಿ ಎಳೀಬಾರದಾ?"

"ಜಾಕ್ ಇಲ್ಲ."

"ಇಲ್ಲ ಅಂದ್ರೆ? ಅಷ್ಟು ಒಳ್ಳೇದಿತ್ತಲ್ಲ ನಿಮ್ಮದು! ಅದನ್ನ ಕೊಂಡಾಗ ಮದುವೆ ಹೆಣ್ಣನ್ನ ಮೆರೆಸೋ ಹಾಗೆ ಊರೆಲ್ಲ ತೋರಿಸಿದ್ರಿ."

"ಯಾರೋ ಕೇಳಿದ್ರು, ಕೊಟ್ಟಿದೀನಿ."

"ಯಾರು?"

"ಯಾರೋ."

"ಹೋಗಿ ಇಸ್ಕೊಂಡು ಬನ್ನಿ ಮಾರಾಯ್ರೇ! ಹಸು ಅಲ್ಲಿ ಸಾಯ್ತಾ ಇದ್ರೆ..."

ಆ ಕಡೆಯಿಂದ ಹಸುವಿನ ನರಳಾಟ ಕೇಳಿಸಿತು. ಆಮೇಲೆ ಕೋಲ್ಮನ್, ತಗ್ಗಿದ ದನಿಯಲ್ಲಿ, "ಈಗ ಕೇಳೋ ಹಾಗಿಲ್ಲ," ಎಂದ.

ಸಾವಾದ ಮನೆಗೆ ತಟ್ಟೆ ತರಬಹುದು, ಕುರ್ಚಿ ತರಬಹುದು, ಹೆಗಲು ಕೊಡಬಹುದು. ಕೊಟ್ಟದ್ದನ್ನು ಕೇಳಲು ಮಾತ್ರ ಆ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಅಂಥ ಮನೆ ಈಗ ಆ ಊರಿನಲ್ಲಿ ಒಂದೇ ಇತ್ತು. ಅಸಂಪ್ಟಾ ಆಲ್ವಾಳನ್ನು ನೋಡಿ, ತಟ್ಟನೆ ಬೆಕ್ಕಿನ ಕಡೆ ಮುಖ ತಿರುಗಿಸಿದಳು.

ಬೆಳಿಗ್ಗೆ ಜಾಕಿನ ಕಡೆ ಚಾಚಿ ಹಿಂದೆ ಸರಿದ ಕೋಲ್ಮನ್‌ನ ಕೈ ಆಲ್ವಾಗೆ ಮತ್ತೆ ಕಂಡಿತು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ನಮ್ಮನೇಲಿದೆ," ಎಂದಳು. "ನಿಮ್ಮ ಕಾರು ಎಲ್ಲಿ?"

ಅಸಂಪ್ಟಾಳ ಪುಟ್ಟ ಕಾರು ಕಲ್ಲುಗೋಡೆಗಳ ನಡುವಿನ ದಾರಿಯಲ್ಲಿ ಹಾರಾಡುತ್ತ ಹೋಯಿತು. "ಡಾಕ್ಟ್ರಿಗೆ ಹೇಳ್ಬೇಡ, ಆಸ್ಪತ್ರೆಗೆ ಬೀಗ ಹಾಕಿ ಬಂದೆ ಅಂತ," ಎಂದಳೊಮ್ಮೆ. ಸಮುದ್ರದ ಕಡೆಯಿಂದ ಗಾಳಿ ಕಾರನ್ನು ಪಕ್ಕಕ್ಕೆ ದೂಡುತ್ತಿತ್ತು.

ಕೊಟ್ಟಿಗೆಯಲ್ಲಿ ಆಲ್ವಾ ಜಾಕಿನ ಮುಂದೆ ನಿಂತಳು. ಟೋಪಿಯ ಒಳಗೆ ಅಪ್ಪನ ತಲೆಯ ಆಕಾರ ಇನ್ನೂ ಉಬ್ಬಿಕೊಂಡಿತ್ತು. ಅವಳು ಕೈ ಎತ್ತಿದಳು. ಕೈ ಮುಂದೆ ಹೋಗಲಿಲ್ಲ. ಹೊರಗೆ ಅಸಂಪ್ಟಾ ಹಾರ್ನ್ ಒತ್ತಿ, ಒತ್ತಿದ್ದಕ್ಕೆ ನಾಚಿ ಬಿಟ್ಟಳು.

"ಏನ್ ಮಾಡ್ತಿದ್ದೀಯ?"

ನೋರೀನ್ ಬಾಗಿಲಲ್ಲಿದ್ದಳು. ಬೆಳಗಿನ ಅದೇ ಸ್ವೆಟರ್, ಕಾಲಲ್ಲಿ ಮನೆಯೊಳಗಿನ ಚಪ್ಪಲಿ.

"ಅಮ್ಮ, ಇದು ಕೋಲ್ಮನ್‌ದು. ಅವರ ಹಸುಗೆ ಕರು ಸಿಕ್ಕಿಕೊಂಡಿದೆ."

ನೋರೀನ್‌ಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ನಮ್ಮದು ಕ್ರಿಸ್‌ಮಸ್‌ಗೆ ಮೊದಲೇ ಮುರಿದುಹೋಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಅವರು ಬೆಳಿಗ್ಗೆ ತಗೊಳ್ಳೋಕೆ ಬಂದಿದ್ರು. ನಾನು ಮುಟ್ಟಬೇಡಿ ಅಂದೆ. ಅವರದ್ದನ್ನೇ ಅವರಿಗೆ ಮುಟ್ಟಬೇಡಿ ಅಂದೆ!"

ನೋರೀನ್ ಹತ್ತಿರ ಬಂದಳು. ತುಂಬಿದ ಬಟ್ಟಲನ್ನು ಎತ್ತುವ ಹಾಗೆ ಎರಡೂ ಕೈಯಿಂದ ಟೋಪಿಯನ್ನು ಎತ್ತಿಕೊಂಡಳು. ಟೋಪಿ ಕುಸಿದು ಬರೀ ಉಣ್ಣೆಯಾಯಿತು. ಆಲ್ವಾ ಕಂಬಿಯನ್ನು ಹೆಗಲಿಗೇರಿಸಿದಳು. ಅದು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಬಾಗಿಲು ದಾಟುವಾಗ ಹಿಂದಿನಿಂದ ಅಮ್ಮ ಕೂಗಿದಳು, "ಹಗ್ಗ ಬಿಟ್ಟು ಹೋಗ್ತಿದ್ದೀಯಲ್ಲೇ! ಹಗ್ಗನೂ ಅವನದ್ದೇ!" ಚಪ್ಪಲಿಯ ಕಾಲಲ್ಲೇ ಕೆಸರಿನಲ್ಲಿ ಓಡಿಬಂದು ಹಗ್ಗದ ಸುರುಳಿಯನ್ನು ಮಗಳ ಕೊರಳಿಗೆ ಹಾಕಿದಳು. ಬುಧವಾರದಿಂದ ಅವಳು ಓಡಿದ್ದು ಅದೇ ಮೊದಲು.

ಕಂಬಿಯ ತುದಿ ಕಾರಿನ ಕಿಟಕಿಯಿಂದ ಹೊರಚಾಚಿ, ಕೋಲ್ಮನ್‌ನ ಗೇಟಿಗೆ ಬಡಿದು ಸದ್ದಾಯಿತು. ಕರಿ ಹಸು ಮಗ್ಗುಲಾಗಿ ಮಲಗಿತ್ತು. ಕೋಲ್ಮನ್ ತೋಳಿನವರೆಗೂ ಸೋಪಿನ ನೀರಲ್ಲಿ ತೊಯ್ದು ಮೊಣಕಾಲೂರಿದ್ದ. ಆಲ್ವಾಳನ್ನೂ ಹೆಗಲ ಮೇಲಿನದನ್ನೂ ನೋಡಿದ.

"ನಾನು ಕೇಳಲಿಲ್ಲ," ಎಂದ.

"ಗೊತ್ತು. ಹಗ್ಗ ತಗೊಳ್ಳಿ."

ಅವನು ಹಗ್ಗದ ಕುಣಿಕೆಗಳನ್ನು ಕರುವಿನ ಮುಂಗಾಲಿಗೆ ಬಿಗಿದ. ಅವಳು ಬಾಗಿದ ಪಟ್ಟಿಯನ್ನು ಹಸುವಿನ ಹಿಂಬದಿಗೆ ಆನಿಸಿದಳು. "ಹಿಡಿ ನೀನೇ ಆಡಿಸು. ನನ್ನ ಕೈ ಸೋತಿದೆ," ಎಂದ ಕೋಲ್ಮನ್. "ಅವಳು ತಿಣುಕಿದಾಗ ಎಳಿ. ಅವಳು ಬಿಟ್ಟಾಗ ಬಿಡು. ಅವಸರ ಬೇಡ."

ಅಪ್ಪನೂ ಹಾಗೇ ಹೇಳುತ್ತಿದ್ದ. ಹಸು ತಿಣುಕಿತು. ಆಲ್ವಾ ಹಿಡಿಯನ್ನು ಆಡಿಸಿದಳು. ಕಟ್, ಕಟ್. ಹಸು ಉಸಿರು ಬಿಟ್ಟಿತು. ಆಲ್ವಾ ನಿಂತಳು. ಮೈಯೆಲ್ಲ ಎಳೆ, ಎಳೆ ಎನ್ನುತ್ತಿತ್ತು. ಕಾಯಬೇಕಾಗಿತ್ತು. ಹಸುವಿನ ಪಕ್ಕೆ ಏರಿ ಇಳಿಯುವುದನ್ನೇ ನೋಡುತ್ತ ಅವಳು ಕಾದಳು. ಮತ್ತೆ ತಿಣುಕಿತು. ಕಟ್. ಬಾಗಿಲಲ್ಲಿ ಅಸಂಪ್ಟಾ ಪ್ರಾರ್ಥನೆ ಗೊಣಗುತ್ತಿದ್ದಳು, ನಡುನಡುವೆ ಪೆಪ್ಪರಮಿಂಟು ಕಡಿಯುವ ಸದ್ದು. ತಲೆ ಬಂತು, ಉದ್ದನೆಯ ನೀಲಿ ನಾಲಿಗೆ ಬಂತು. ಹೆಗಲು ಸಿಕ್ಕಿಕೊಂಡಿತು. ಇನ್ನೊಂದು ಸಲ ಕಾದಳು. ಆಮೇಲೆ ಕರು ಒಟ್ಟಿಗೇ ಜಾರಿ ಬಂದು ಹುಲ್ಲಿನ ಮೇಲೆ ಬಿತ್ತು.

ಕೋಲ್ಮನ್ ಅದರ ಬಾಯೊಳಗಿನ ಲೋಳೆ ಬಳಿದು, ಮೂಗಿನೊಳಗೆ ಹುಲ್ಲುಕಡ್ಡಿ ತೂರಿಸಿದ. ಕರು ಅಲುಗಲಿಲ್ಲ. ಮತ್ತೆ ತೂರಿಸಿದ. ಒಂದು ಸೀನು, ಒಂದು ಗೊರಗೊರ. ಪಕ್ಕೆ ಮೇಲೆದ್ದು ಇಳಿಯಿತು.

"ಎದ್ದು ನಿಲ್ಲುತ್ತೋ ಇಲ್ವೋ, ಸಂಜೆ ತನಕ ಹೇಳೋಕಾಗಲ್ಲ," ಎಂದ. "ತಾಯಿ ಉಳೀತು."

ಹಸು ತಲೆ ತಿರುಗಿಸಿ ನೆಕ್ಕತೊಡಗಿತು. ಆಲ್ವಾ ನಲ್ಲಿಯ ಕೆಳಗೆ ಜಾಕನ್ನು ತೊಳೆದಳು. ಪಟ್ಟಿ, ಹಿಡಿ, ಹಿಡಿಯ ಹಲ್ಲುಗಳ ಸಂದು. ತಣ್ಣೀರಿಗೆ ಬೆರಳು ಮರಗಟ್ಟಿದವು. ಅವಳು ನಿಲ್ಲಿಸಲಿಲ್ಲ.

"ತಗೊಂಡು ಹೋಗು ಬೇಕಾದ್ರೆ," ಎಂದ ಕೋಲ್ಮನ್ ಅವಳ ಹಿಂದೆ ನಿಂತು. "ನನ್ನದೆಲ್ಲಾ ಮುಗೀತು. ನಿಮ್ಮಲ್ಲಿ ಇನ್ನೂ ಎರಡು ಬಾಕಿ ಇವೆ. ಅಲ್ಲೇ ಇರ್ಲಿ. ಅವನು ಇಟ್ಟ ಜಾಗದಲ್ಲೇ."

ಆಲ್ವಾ ನಲ್ಲಿ ನಿಲ್ಲಿಸಿದಳು.

"ಬೇಡ. ಬೇಕಾದಾಗ ಬಂದು ಕೇಳ್ತೀನಿ," ಎಂದಳು. "ಎಲ್ಲಿ ಇಡ್ತೀರಿ ಇದನ್ನ?"

ಅವನು ಗಲ್ಲದಿಂದ ತೋರಿಸಿದ. ವರ್ಷವರ್ಷವೂ ಜಾಕನ್ನು ಇಳಿಸುವ ಗೋಜಿಗೆ ಹೋಗದೆ ಅದರ ಸುತ್ತಲೇ ಸುಣ್ಣ ಬಳಿದ ಗೋಡೆ. ಮೇಲೆ ಎರಡು ದಪ್ಪ ಮೊಳೆ, ಅವುಗಳಿಂದ ಕೆಳಕ್ಕೆ ಸುಣ್ಣ ತಾಗದ ಉದ್ದನೆಯ ಬೂದು ಗುರುತು, ತುದಿಯಲ್ಲಿ ಬಾಗಿದ ಪಟ್ಟಿಯ ಆಕಾರ. ಆಲ್ವಾ ತುದಿಗಾಲಲ್ಲಿ ನಿಂತು ಕಂಬಿಯನ್ನು ಮೊಳೆಗೆ ಸಿಕ್ಕಿಸಿದಳು. ಅದು ಒಮ್ಮೆ ಆ ಕಡೆ ಈ ಕಡೆ ತೂಗಾಡಿತು. ಅವಳು ಅಂಗೈ ಇಟ್ಟು ಹಿಡಿದಳು. ನಿಂತ ಮೇಲೆ ಕೈ ತೆಗೆದಳು. ಕಂಬಿ ತನ್ನ ಗುರುತಿನ ಮೇಲೆ ಕೂತಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.