ಮಾವನವರ ಬೆಣ್ಣೆ ಕಾಫಿ

ಹದಿನೈದು ದಿನಕ್ಕೆಂದು ಹೋದ ಮಾವ ಎರಡು ತಿಂಗಳಾದರೂ ತಿರುಗಿ ಬರಲಿಲ್ಲವೆಂದರೆ ಯಾವ ಸೊಸೆಗಾದರೂ ಖುಷಿಯಾಗಬೇಕು. ಅಂಬಿಕಾನಗರದ ಕ್ವಾರ್ಟರ್ಸಿನ ಹೆಂಗಸರು ಸುನಂದಾಳಿಗೆ ಹಾಗೇ ಹೇಳಿದರು. "ನಿನ್ನ ನಸೀಬ ಛಲೋ ಐತಿ ಬಿಡು," ಎಂದರು. ಸುನಂದಾಳಿಗೆ ಮೈಯೆಲ್ಲ ಉರಿದುಹೋಯಿತು.

ಮಾವ ಮಹಾಂತಪ್ಪನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹಳಿಯಾಳದಲ್ಲಿದ್ದ ಕಿರಿಯ ಮಗ ಚನಬಸಪ್ಪ, ಕಿರಿಯ ಸೊಸೆ ಸುಮನರ ಮನೆಗೆ ಹೋಗಿದ್ದರು. ಪೊರೆ ತೆಗೆದದ್ದಾಯಿತು, ಕರಿ ಕನ್ನಡಕ ಮೂಲೆ ಸೇರಿತು, ಮುದುಕರು ಪೇಪರನ್ನೂ ಓದತೊಡಗಿದರು. ಬರುವ ಮಾತು ಮಾತ್ರ ಇಲ್ಲ. ಫೋನು ಮಾಡಿದರೆ, "ಬರ್ತೇನಿ ತಗಿ, ಏನ ಅವಸರ ಐತಿ," ಅನ್ನುವರು. ಮೊನ್ನೆ ಹಾಗೆ ಮಾತಾಡುತ್ತಿರುವಾಗಲೇ ಹಿಂದಿನಿಂದ ಗರ್ರ್ ಎಂದು ಮಿಕ್ಸಿಯ ಸದ್ದು ಕೇಳಿಸಿತು.

"ಅದೇನ್ರಿ ಮಾವಾರ, ಮುಂಜಾನೆದ್ದು ಮಿಕ್ಸಿ?"

"ಸುಮನ ಬೆಣ್ಣಿ ಕಾಫಿ ಮಾಡಾಕತ್ತಾಳ," ಎಂದರು ಮಾವ. ಎಷ್ಟು ಸಲೀಸಾಗಿ ಎಂದುಬಿಟ್ಟರು!

ಬೆಣ್ಣೆ ಕಾಫಿಯಂತೆ! ಆ ಮನೆತನದಲ್ಲಿ ಬೆಣ್ಣೆ ಕಾಫಿ ಎಂದರೆ ಸುನಂದಾಳದೇ, ಬೇರೆ ಯಾರದೂ ಅಲ್ಲ. ಅವಳ ತವರು ಮುಂಡಗೋಡ ತಾಲೂಕಿನ ಚಿಗಳ್ಳಿ. ಅವಳ ಅವ್ವ ದುರ್ಗವ್ವ ಅಲ್ಲಿನ ಟಿಬೆಟ್ ನಿರಾಶ್ರಿತರ ಕ್ಯಾಂಪಿನವರ ಗೋವಿನಜೋಳದ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದವಳು, ಅವರು ಚಹಾಕ್ಕೆ ಬೆಣ್ಣೆ ಹಾಕಿ ಕಡೆಯುವುದನ್ನು ನೋಡಿಕೊಂಡು ಬಂದಳು. ತನ್ನ ಮನೆಯಲ್ಲಿ ಚಹಾದ ಬದಲು ಕಾಫಿ ಕುದಿಸಿ, ಬೆಲ್ಲ ಹಾಕಿ, ಗೋಲಿಯಷ್ಟು ಎಮ್ಮೆ ಬೆಣ್ಣೆ ಬಿಟ್ಟು ಚಿಕ್ಕ ಕಡಗೋಲಿನಿಂದ ಕಡೆದಳು. ಮೇಲೆ ತೇಲುವ ಜಿಡ್ಡೆಲ್ಲ ಕರಗಿ ನೊರೆ ಏಳುವ ತನಕ ಕೈ ಬಿಡಬಾರದು. ಒಂದು ಲೋಟ ಕುಡಿದರೆ ಮಧ್ಯಾಹ್ನದ ತನಕ ಹಸಿವಿನ ಮಾತಿಲ್ಲ. ಹೆಣ್ಣು ನೋಡಲು ಬಂದ ಮಹಾಂತಪ್ಪನವರು ಆ ಕಾಫಿ ಕುಡಿದು, ಇನ್ನೊಂದು ಲೋಟ ಕೇಳಿ, ಅದು ಮುಗಿಯುವ ಮೊದಲೇ "ಹುಡುಗಿ ನಮಗ ಒಪ್ಪಿಗಿ," ಎಂದುಬಿಟ್ಟಿದ್ದರು. ಹುಡುಗ ಶಿವಯೋಗಿ ಇನ್ನೂ ಹುಡುಗಿಯ ಮುಖ ಸರಿಯಾಗಿ ನೋಡಿರಲಿಲ್ಲ.

ಅಂದಿನಿಂದ ಇಪ್ಪತ್ತಾರು ವರ್ಷ, ಜ್ವರ ಬಂದರೂ ಬಿಡದೆ, ಆ ಮುದುಕರ ಮುಂಜಾನೆಯ ಲೋಟ ಸುನಂದಾಳ ಕೈಯಿಂದಲೇ ಹೋಗಿದೆ. ಸೀರೆಗಾಗಿ, ಬಂಗಾರಕ್ಕಾಗಿ ಅವಳೆಂದೂ ವಾರಗಿತ್ತಿಯ ಜೊತೆ ಜಗಳ ಆಡಿದವಳಲ್ಲ. ಬೇಕಾದರೆ ಹಿರಿಯರ ಹೊಲವನ್ನೂ ಬಿಟ್ಟುಕೊಟ್ಟಾಳು. ಈ ಲೋಟ ಮಾತ್ರ ಬಿಟ್ಟುಕೊಡುವ ಹೆಣ್ಣಲ್ಲ.

"ಇರ್ಲಿ ಬಿಡು, ಅಪ್ಪ ಅಲ್ಲೇ ಆರಾಮ ಅದಾನ," ಎಂದ ಶಿವಯೋಗಿ.

"ನಿಮಗೇನ ತಿಳೀತೈತ್ರಿ! ನೀವು ನಿಮ್ಮ ಪವರ್ ಹೌಸಿನ್ಯಾಗ ಮೀಟರ್ ನೋಡ್ಕೊಂತ ಕುಂದರ್ರಿ," ಎಂದು ಸುನಂದಾ ಮಾರನೆಯ ದಿನವೇ ಒಂದು ಡಬ್ಬಿಯಲ್ಲಿ ಬೆಣ್ಣೆ ಹಾಕಿಕೊಂಡು, ಕಡಗೋಲನ್ನು ಟವೆಲಿನಲ್ಲಿ ಸುತ್ತಿ, ಮೊದಲ ಬಸ್ಸು ಹತ್ತಿದಳು. ದಾಂಡೇಲಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದಳು. ಮಾವನವರನ್ನು ಇವತ್ತೇ ಕರೆದುಕೊಂಡು ಬರದಿದ್ದರೆ ನಾನು ದುರ್ಗವ್ವನ ಮಗಳೇ ಅಲ್ಲ ಎಂದು ಹಳಿಯಾಳ ಮುಟ್ಟುವ ತನಕ ಮನಸ್ಸಿನಲ್ಲೇ ಅಂದುಕೊಂಡಳು.

ಬಾಗಿಲು ತೆಗೆದ ಸುಮನ, "ಅಯ್ಯ, ಅಕ್ಕಾ! ಬರ್ರಿ ಬರ್ರಿ, ಒಂದ ಫೋನ್ ಮಾಡಬಾರದೇನ್ರಿ," ಎಂದು ನಕ್ಕಳು. ವಾರಗಿತ್ತಿ ಸೊರಗಿದ್ದಳು, ಸೊರಗಿ ಚಂದ ಕಾಣುತ್ತಿದ್ದಳು. ಸುನಂದಾ ಮೊನ್ನೆಯಷ್ಟೇ ತನ್ನ ಕುಪ್ಪಸಗಳ ಹೊಲಿಗೆ ಬಿಚ್ಚಿಸಿದ್ದಳು.

"ಬೆಣ್ಣಿ ಕಾಫಿ ಮಾಡ್ತೀಯಂತ?"

"ಹೂಂ ಅಕ್ಕಾ, ಫೋನಿನ್ಯಾಗ ನೋಡಿದೆ. ಸಕ್ರಿ ಇಲ್ಲ, ಬೆಲ್ಲ ಇಲ್ಲ, ಬರೇ ಕಾಫಿ, ಬೆಣ್ಣಿ. ತೂಕ ಇಳೀತೈತಿ ಅಂತ. ನಾಕ ಕಿಲೋ ಇಳದೇನಿ ನೋಡ್ರಿ. ಮಾವಾರು ಒಂದ ದಿನ ನಂದು ರುಚಿ ನೋಡಿದ್ರು, ಆವತ್ತಿನಿಂದ ಬಿಡವಲ್ರು."

ಫೋನಿನಲ್ಲಿ ನೋಡಿದಳಂತೆ! ಅವ್ವ ಬಿಸಿಲಲ್ಲಿ ಬೆನ್ನು ಬಗ್ಗಿಸಿ ಕಲಿತು ತಂದದ್ದನ್ನು ಇವಳು ತಣ್ಣಗೆ ಕೂತು ಫೋನಿನಲ್ಲಿ ನೋಡಿದಳಂತೆ. ಅದೂ ಹೊಟ್ಟೆ ತುಂಬಲಿ ಎಂದಲ್ಲ, ಹೊಟ್ಟೆ ಕರಗಲಿ ಎಂದು! ಸುನಂದಾ ಸೆರಗು ಬಿಗಿದು ನೆಟ್ಟಗೆ ಅಡಿಗೆ ಮನೆಗೆ ನಡೆದಳು. "ಅತ್ತ ಸರಿ. ಮಾವಾರಿಗೆ ಇವತ್ತ ನಾ ಮಾಡಿ ಕೊಡ್ತೇನಿ," ಎಂದಳು.

ಬೆಲ್ಲ ಹಾಕಿ, ತನ್ನ ಡಬ್ಬಿಯ ಬೆಣ್ಣೆ ಬಿಟ್ಟು, ಕೈ ಸೋಲುವ ತನಕ ಕಡೆದಳು. ನೊರೆ ಲೋಟದ ಅಂಚು ಮೀರಿ ಎದ್ದಿತು. ಹೊರಗಿನ ಕೋಣೆಯಲ್ಲಿ ಮಾವನವರು ಅರ್ಧ ಲೋಟ ಕುಡಿದರು. "ಛಲೋ ಐತಿ ಯವ್ವಾ," ಎಂದರು. ಲೋಟ ಕೆಳಗಿಟ್ಟರು. ಆಮೇಲೆ ಅಡಿಗೆ ಮನೆಯ ಕಡೆ ಕತ್ತು ಚಾಚಿ, "ಸುಮನಾ, ನಿಂದೂ ಒಂದೀಟು ಕೊಡವ್ವಾ," ಎಂದರು.

ಶಿವನೇ! ಇಪ್ಪತ್ತಾರು ವರ್ಷದಲ್ಲಿ ಆ ಲೋಟದಲ್ಲಿ ಒಂದು ಗುಟುಕು ಉಳಿದದ್ದಿಲ್ಲ. ಸುನಂದಾ ಅರ್ಧ ಲೋಟ ಕಾಫಿಯನ್ನು ತಾನೇ ಎತ್ತಿಕೊಂಡು ಹೋಗಿ ಮೋರಿಗೆ ಚೆಲ್ಲಿದಳು. ಅವಳ ಕಣ್ಣೆದುರಿಗೇ ಸುಮನ ಮಿಕ್ಸಿ ತಿರುಗಿಸಿದಳು. ಕಡೆಯುವುದಿಲ್ಲ, ಕೈ ನೋಯುವುದಿಲ್ಲ. ಗುಂಡಿ ಒತ್ತಿ ಹತ್ತು ಎಣಿಸುವುದರೊಳಗೆ ಮುಗಿಯಿತು. ಲೋಟಕ್ಕೆ ಸುರಿಯುವಷ್ಟರಲ್ಲಿ ಬಾಗಿಲಲ್ಲಿ ಬೆಣ್ಣೆ ಮಾರುವ ಗೌಳಿ ಅಜ್ಜಿ ಕೂಗಿದಳು. "ಬಂದೆ ಅಜ್ಜಿ," ಎಂದು ಸುಮನ ಹೊರಗೆ ಓಡಿದಳು.

ಅಡಿಗೆ ಮನೆಯಲ್ಲಿ ಉಳಿದದ್ದು ಸುನಂದಾ, ವಾರಗಿತ್ತಿಯ ಲೋಟ, ಒಲೆಯ ಪಕ್ಕದ ಉಪ್ಪಿನ ಡಬ್ಬಿ. ಕೈ ತಾನೇ ಹೋಯಿತು ಎಂದು ಅವಳು ಆಮೇಲೆ ಅಂದುಕೊಂಡಳು, ಸುಳ್ಳು. ಕೈ ಹಾಗೆಲ್ಲ ತಾನೇ ಹೋಗುವುದಿಲ್ಲ. ಅವಳು ಬೇಕೆಂದೇ ಉಪ್ಪು ತೆಗೆದಳು, ಲೋಟಕ್ಕೆ ಒಗೆದಳು, ಚಮಚದಿಂದ ತಿರುವಿದಳು. ಕುಡಿಯಲಿ, ಥೂ ಎಂದು ಉಗುಳಲಿ, ಆಮೇಲೆ ಯಾರ ಕೈ ಎಂಥದು ಎಂದು ತಿಳಿಯಲಿ.

ಸುಮನ ಬಂದು ಲೋಟ ಒಯ್ದುಕೊಟ್ಟಳು. ಸುನಂದಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಮಾವನವರು ಒಂದು ಗುಟುಕು ಕುಡಿದರು. ಲೋಟದೊಳಗೆ ಒಮ್ಮೆ ಬಗ್ಗಿ ನೋಡಿದರು. ಇನ್ನೊಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಆಮೇಲೆ ಎರಡೂ ಕೈಯಲ್ಲಿ ಲೋಟ ಹಿಡಿದು ತಳದ ತನಕ ಕುಡಿದು, ತುಟಿ ಚಪ್ಪರಿಸಿದರು.

"ಸುಮನಾ, ಇವತ್ತ ಉಪ್ಪು ಹಾಕಿದಿ?"

"ಉಪ್ಪು? ಇಲ್ರಿ ಮಾವಾರ!"

"ಸುಳ್ಳ ಹೇಳಬ್ಯಾಡ ತಂಗಿ. ಇದ ಅದ ರುಚಿ." ಮುದುಕರು ಖಾಲಿ ಲೋಟವನ್ನು ಮಡಿಲಲ್ಲಿಟ್ಟುಕೊಂಡರು. "ಮುಂಡಗೋಡದಾಗ ಟಿಬೆಟ್ ಕ್ಯಾಂಪ್ ಕಟ್ಟೂ ಮುಂದ ನಾ ಲಾರಿಯಾಗ ಕಲ್ಲ ಹೇರತಿದ್ದೆ. ಅಲ್ಲೊಬ್ಬಾಕಿ ಮುದುಕಿ ದಿನಾ ನನಗ ಕಟಗಿ ಬಟ್ಟಲದಾಗ ಚಹಾ ಕೊಡಾಕಿ. ಬೆಣ್ಣಿ, ಉಪ್ಪು. ಮೊದಲನೇ ದಿನ ಉಗುಳಿದ್ದೆ. ಆಮ್ಯಾಲೆ ಅದ ಇಲ್ಲಂದ್ರ ಲಾರಿ ಹತ್ತತಿದ್ದಿಲ್ಲ. ಆಕಿ ಮಾತು ನನಗ ತಿಳೀತಿದ್ದಿಲ್ಲ, ನನ್ನ ಮಾತು ಆಕಿಗೆ ತಿಳೀತಿದ್ದಿಲ್ಲ. ನಮ್ಮವ್ವ ಸತ್ತ ವರ್ಷ ಅದು. ಆವಾಗಿನಿಂದ ಅದ ರುಚಿ ಹುಡುಕಾಕತ್ತೇನಿ." ಆಮೇಲೆ ಸುನಂದಾಳತ್ತ ತಿರುಗಿ, "ಶಿವಯೋಗಿಗೆ ಹೇಳವ್ವಾ, ನನ್ನ ಧೋತ್ರ, ಅರಬಿ ಎಲ್ಲಾ ಇಲ್ಲಿಗೇ ಕಳಸು ಅಂತ. ನಾ ಇನ್ನ ಸುಮನನ ಹಂತ್ಯಾಕ ಇರಾಂವ," ಎಂದರು.

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಮಾನ ಉಳಿದು ಲೋಟ ಹೋದರೆ ಆ ಮಾನ ಯಾರಿಗೆ ಬೇಕು?

"ಉಪ್ಪು ಹಾಕಿದಾಕಿ ನಾನ್ರೀ!" ಎಂದು ಸುನಂದಾ ಕೂಗಿಬಿಟ್ಟಳು. "ಆಕಿ ಅಲ್ಲ, ನಾನು!"

ಸುಮನ ಕಣ್ಣರಳಿಸಿದಳು. "ಯಾಕ ಹಾಕಿದ್ರಿ ಅಕ್ಕಾ?"

"ಕೆಡ್ಲಿ ಅಂತ ಹಾಕಿದೆ."

ಸುಮನಳ ಮುಖ ಕೆಂಪಾಯಿತು. ನಾಚಿಕೆಯಿಂದ ಸುನಂದಾಳ ಕಿವಿ ಬಿಸಿಯಾದವು, ಆದರೂ ಹೇಳಿದ್ದಕ್ಕೆ ಅವಳಿಗೆ ಪಶ್ಚಾತ್ತಾಪ ಆಗಲಿಲ್ಲ. ಮಾವನವರು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ.

"ನಿಮ್ಮವ್ವನ ಮನ್ಯಾಗ ಎರಡ ಲೋಟ ಕುಡದಾಗನೂ ನಾ ಅದನ್ನ ಹುಡುಕಿದ್ದೆ ಸುನಂದಾ. ಬೆಣ್ಣಿ ಇತ್ತು. ಉಪ್ಪಿರಲಿಲ್ಲ, ಮ್ಯಾಲೆ ಬೆಲ್ಲ. ಸುಮನಂದ್ರಾಗ ಬೆಲ್ಲ ಅಂತೂ ಇಲ್ಲ."

"ಇಷ್ಟ ವರ್ಷ ಯಾಕ ಹೇಳಲಿಲ್ರೀ? ನಾ ಹಾಕತಿದ್ದಿಲ್ಲೇನು?" ಎಂದಳು ಸುನಂದಾ.

"ನೀ ಅಷ್ಟು ಅಕ್ಕರತಿಲೆ ತಂದ ಕೊಡತಿದ್ದಿ. ಹೆಂಗ ಹೇಳ್ಲಿ?"

ಆ ಮಾತು ಅವಳ ಎದೆಗೆ ನಾಟಿತು. ಇಪ್ಪತ್ತಾರು ವರ್ಷ ತಳದ ತನಕ ಖಾಲಿಯಾದ ಲೋಟಗಳನ್ನು ಎತ್ತಿಕೊಂಡು ಬೀಗಿದವಳು ಅವಳು. ಅವರು ಅಷ್ಟೂ ದಿನ ಅವಳ ಮನಸ್ಸು ನೋಯದಿರಲೆಂದು ಕುಡಿದಿದ್ದರು.

"ಹೋಗ್ಲಿ ಬಿಡು," ಎಂದರು ಮಾವ. "ಈಗ ಇನ್ನೊಂದ ಲೋಟ ಮಾಡಿ ಕೊಡು. ಅದ ರೀತಿ."

ಸುನಂದಾ ಮಾಡಿದಳು. ಬೆಲ್ಲ ಹಾಕಲಿಲ್ಲ. ಮೂರು ಬೆರಳಲ್ಲಿ ಹಿಡಿದು ಜೋಪಾನವಾಗಿ ಉಪ್ಪು ಹಾಕಿದಳು. ಮಾವನವರು ಕುಡಿದು ತಲೆ ಅಲ್ಲಾಡಿಸಿದರು. "ಸಪ್ಪಗ ಐತಿ." ಇನ್ನಷ್ಟು ಹಾಕಿದಳು. "ಅದಲ್ಲ ಯವ್ವಾ."

"ನೀವು ಎಷ್ಟ ಹಾಕಿದ್ರಿ ಅಕ್ಕಾ ಆಗ?" ಎಂದು ಸುಮನ ಕೇಳಿದಳು.

ಎಷ್ಟು? ಸುನಂದಾ ತನ್ನ ಬಲಗೈ ನೋಡಿಕೊಂಡಳು. ಸಿಟ್ಟಿನಲ್ಲಿ ಒಗೆದ ಉಪ್ಪನ್ನು ಯಾರು ಅಳೆದಾರು? ಒಂದು ಚಿಟಿಕೆಯೋ, ಮುಷ್ಟಿಯ ಅರ್ಧವೋ, ಅವಳಿಗೆ ನೆನಪೇ ಇರಲಿಲ್ಲ.

"ನಾ ಒಂದ್ಸಲ ನೋಡ್ಲಿ?" ಎಂದು ಸುಮನ ಮಿಕ್ಸಿ ತೊಳೆದಳು. ಅವಳ ಲೋಟ ತೀರ ಉಪ್ಪಾಯಿತು. ಮಾವನವರು ಎರಡು ಗುಟುಕಿಗೇ ಇಟ್ಟರು. ಆದರೆ ಇಡುವಾಗ ಅಂದರು, "ಒಂದೀಟು ಹತ್ರ ಬಂದೈತಿ. ನಾಳೆ ನೋಡೂಣು."

ಸುನಂದಾ ಕೇಳಿಸಿಕೊಂಡಳು. ಹತ್ತಿರ ಬಂದಿದೆಯಂತೆ! ಹನ್ನೆರಡರ ಬಸ್ಸಿಗೆ ಇನ್ನೂ ಹೊತ್ತಿತ್ತು. ತಾನು ಬಸ್ಸು ಹತ್ತಿದರೆ ನಾಳೆ ಸುಮನ ಒಬ್ಬಳೇ ಇಲ್ಲಿ ನಿಂತು ಒಂದು ಚಿಟಿಕೆ ಕಡಿಮೆ ಮಾಡುತ್ತಾಳೆ, ನಾಡಿದ್ದು ಇನ್ನೊಂದು. ಒಂದು ದಿನ ಆ ರುಚಿ ಸಿಕ್ಕೇಬಿಡುತ್ತದೆ.

ಅವಳು ಗಂಡನಿಗೆ ಫೋನು ಮಾಡಿದಳು.

"ಅಪ್ಪ ಹೊಂಟ್ನೇನು?" ಎಂದ ಶಿವಯೋಗಿ.

"ಇಲ್ಲ. ನಾನೂ ಬರೂದಿಲ್ಲ. ನೀವು ಕ್ಯಾಂಟೀನಿನ್ಯಾಗ ಉಣ್ಣರಿ."

"ಎಷ್ಟ ದಿನ?"

ಸುನಂದಾ ಫೋನಿಟ್ಟಳು. ಸುಮನ ಅಷ್ಟರಲ್ಲಿ ಮತ್ತೆ ಕಾಫಿಗೆ ನೀರಿಟ್ಟಿದ್ದಳು. ಸುನಂದಾ ಉಪ್ಪಿನ ಡಬ್ಬಿಯನ್ನು ಎತ್ತಿ ತನ್ನ ಮಗ್ಗುಲಿಗೆ ಇಟ್ಟುಕೊಂಡು, ವಾರಗಿತ್ತಿಗೆ ಬೆನ್ನು ಮಾಡಿ ನಿಂತಳು.